ಅಹಂಕಾರವೂ ಅಡುಗೆಮನೆಯೂ

ಹೋಟೆಲಿನ ಒಳಮನೆಯನ್ನು ಕಂಡವರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾದುದಿಲ್ಲ. ಗಲ್ಲಾದ ಮೇಲೆ ಕುಳಿತವರಿಗೆ ಒಲೆಯ ಮುಂದೆ ಬೇಯುವ ಭಟ್ಟರು ಕಡಿಮೆ. ಭಟ್ಟರಿಗೆ ತಿಂಡಿಯನ್ನು ಹೊತ್ತೊಯ್ಯುವ ಸಪ್ಲಾಯರು ಕಡಿಮೆ. ಸಪ್ಲಾಯರಿಗೆ ತಟ್ಟೆ ಲೋಟ ತೊಳೆಯುವವನು ಕಡಿಮೆ. ತೊಳೆಯುವವನಿಗೂ, ಕಳೆದ ವಾರವಷ್ಟೆ ಊರಿನಿಂದ ಬಂದು ಮೇಜು ಒರಸುತ್ತಿರುವ ಹೊಸಬ ಕಡಿಮೆಯೆ. ಕಚೇರಿಯ ಗುಮಾಸ್ತ ಮಿತ್ರರು ಇದನ್ನು ಓದಿ ನಗಬೇಕಾದುದಿಲ್ಲ. ಅಲ್ಲಿಯ ಏಣಿಗೆ ಇನ್ನೂ ಎರಡು ಮೆಟ್ಟಿಲು ಹೆಚ್ಚು. ಗಿರಾಕಿಯೊಬ್ಬರು ಇನ್ನೊಬ್ಬನ ಕೈಯ ಸಾಂಬಾರನ್ನು ಹೊಗಳಿದರೆಂಬ ಒಂದೇ ಕಾರಣಕ್ಕೆ, ಹಲವು ವರ್ಷ ದುಡಿದ ಅಡುಗೆಮನೆಯಲ್ಲಿ ಸೌಟನ್ನು ಕೆಳಗಿಟ್ಟು ಹೊರಟುಹೋದ ಹಿರಿಯರೊಬ್ಬರನ್ನು ನಾವು ಬಲ್ಲೆವು. ಅವರು ಕೆಟ್ಟವರಲ್ಲ. ಕುಡಿತ ಜೂಜುಗಳನ್ನು ಅರಿಯರು, ಊರಿಗೆ ತಪ್ಪದೆ ಹಣ ಕಳುಹಿಸುವವರು. ಅವರನ್ನು ಬೀದಿಗೆ ತಂದುದು ಯಾವ ದುಶ್ಚಟವೂ ಅಲ್ಲ.

ಅಹಂಕಾರವನ್ನು ಎಲ್ಲ ಮತಗಳೂ ನಿಂದಿಸಿವೆ. ಶರಣರ ವಚನಗಳನ್ನೂ ದಾಸರ ಪದಗಳನ್ನೂ ಕೇಳಿ ಬೆಳೆದ ಕನ್ನಡಿಗರಿಗೆ ಇದು ಹೊಸ ಉಪದೇಶವೇನೂ ಅಲ್ಲ. ಆದರೆ ಕ್ರೈಸ್ತಧರ್ಮದಲ್ಲಿ ಈ ದೋಷಕ್ಕೆ ದೊರೆತಿರುವ ಸ್ಥಾನ ವಿಲಕ್ಷಣವಾದುದು. ಉಳಿದೆಲ್ಲ ಪಾಪಗಳಿಗೂ ತಾಯಿಬೇರು ಇದೇ ಎಂದು ಆ ಧರ್ಮದ ಆಚಾರ್ಯರು ಎಣಿಸಿದರು. ಹಾಗೆಯೇ ಅದಕ್ಕೆ ಮದ್ದನ್ನು ಅವರು ಬಹುಮಟ್ಟಿಗೆ ಹುಡುಕಿದುದು ಅಡುಗೆಮನೆಯಲ್ಲಿ, ಊಟದ ಪಂಕ್ತಿಯಲ್ಲಿ, ತೊಳೆಯುವ ನೀರಿನಲ್ಲಿ. ನಮ್ಮ ಓದುಗರಲ್ಲಿ ಬಹುಮಂದಿಯ ಹೊಟ್ಟೆಪಾಡಿನ ಸ್ಥಳವೂ ಅದೇ ಆದುದರಿಂದ ಈ ವಿಷಯವನ್ನು ಇಂದು ಎತ್ತಿಕೊಂಡಿದ್ದೇವೆ.

ಗುಡ್ ಫ್ರೈಡೆಯ ಹಿಂದಿನ ಗುರುವಾರ ಸಂಜೆ ಕೆಥೋಲಿಕರ ಇಗರ್ಜಿಗಳಿಗೆ ಹೋದವರು ಒಂದು ದೃಶ್ಯವನ್ನು ಕಂಡಿರಬಹುದು. ಪೂಜೆಯ ನಡುವೆ ಪಾದ್ರಿಗಳು ಮೇಲುಡುಪನ್ನು ತೆಗೆದಿರಿಸಿ, ಸೊಂಟಕ್ಕೆ ಬಟ್ಟೆ ಬಿಗಿದು, ಹನ್ನೆರಡು ಮಂದಿಯ ಮುಂದೆ ಒಬ್ಬೊಬ್ಬರಾಗಿ ಮಂಡಿಯೂರಿ ಅವರ ಪಾದಗಳನ್ನು ತೊಳೆದು ಒರಸುತ್ತಾರೆ. ಯೋಹಾನನ ಸುವಾರ್ತೆಯ ಹದಿಮೂರನೆಯ ಅಧ್ಯಾಯದಲ್ಲಿ ಬರುವ ಪ್ರಸಂಗ ಇದರ ಮೂಲ. ತಾನು ಸೆರೆಯಾಗುವ ರಾತ್ರಿ, ಊಟದ ಮಧ್ಯದಲ್ಲಿ ಯೇಸುಕ್ರಿಸ್ತನು ಎದ್ದು ಶಿಷ್ಯರ ಕಾಲುಗಳನ್ನು ತೊಳೆದನು. ಧೂಳು ತುಂಬಿದ ಆ ನಾಡಿನಲ್ಲಿ ಅತಿಥಿಯ ಕಾಲು ತೊಳೆಯುವುದು ಮನೆಯ ಗುಲಾಮರ ಕೆಲಸ. ಗುರು ಆ ಕೆಲಸಕ್ಕೆ ಕೈಹಾಕಿದಾಗ ಉಳಿದವರು ಬೆರಗಾಗಿ ಸುಮ್ಮನಿದ್ದರೋ ಏನೋ. ಪೇತ್ರನೊಬ್ಬ ಮಾತ್ರ ಎಂದೆಂದಿಗೂ ತನ್ನ ಕಾಲನ್ನು ಮುಟ್ಟಗೊಡೆನೆಂದು ಹಟ ಹಿಡಿದ. ಮೇಲುನೋಟಕ್ಕೆ ಇದು ಪೇತ್ರನ ವಿನಯ. ಗುರು ಹಾಗೆ ತಿಳಿಯಲಿಲ್ಲ. ತೊಳೆಯಗೊಡದಿದ್ದರೆ ತನ್ನೊಡನೆ ನಿನಗೆ ಪಾಲಿಲ್ಲವೆಂದು ಕಟುವಾಗಿಯೇ ನುಡಿದನು. ಇನ್ನೊಬ್ಬರಿಗೆ ಸೇವೆ ಮಾಡುವುದು ಕಷ್ಟವೇ. ಇನ್ನೊಬ್ಬರಿಂದ ಸೇವೆಯನ್ನು ಮರುಮಾತಿಲ್ಲದೆ ಸ್ವೀಕರಿಸುವುದು ಕೆಲವರಿಗೆ ಅದಕ್ಕಿಂತಲೂ ಕಷ್ಟ. ಕಾಯಿಲೆ ಬಿದ್ದಾಗ ಕೋಣೆಯ ಜತೆಗಾರ ತಂದುಕೊಟ್ಟ ಗಂಜಿಯನ್ನು ಕುಡಿಯಲಾರದೆ ಮುಖ ತಿರುಗಿಸಿದವರಿಗೆ ಇದು ಗೊತ್ತು.

ಗ್ರೀಕರ, ರೋಮನರ ಲೋಕದಲ್ಲಿ ನಮ್ರತೆಯೆಂಬುದು ಒಂದು ಸದ್ಗುಣವೇ ಆಗಿರಲಿಲ್ಲ. ಲ್ಯಾಟಿನ್ ಭಾಷೆಯಲ್ಲಿ ಆ ಪದಕ್ಕೂ ಮಣ್ಣು ಎಂಬ ಪದಕ್ಕೂ ಒಂದೇ ಮೂಲ. ನೆಲಕ್ಕೆ ಅಂಟಿಕೊಂಡದ್ದು, ಕೀಳು ಎಂದು ಅದರ ಅರ್ಥ. ಗುಲಾಮನಿಗೆ ಹೇಳಬಹುದಾದ ಮಾತು, ಗೌರವಸ್ಥನಿಗಲ್ಲ. ಶಿಲುಬೆಯೂ ಅಂಥದೇ, ಗುಲಾಮರಿಗೂ ದಂಗೆಕೋರರಿಗೂ ಮೀಸಲಾದ ಶಿಕ್ಷೆ. ದೇವರ ಸ್ವರೂಪದಲ್ಲಿದ್ದವನು ಗುಲಾಮನ ರೂಪವನ್ನು ತಾಳಿ ಆ ಮರಣದವರೆಗೂ ಇಳಿದುಬಂದನೆಂದು ಪೌಲನು ಫಿಲಿಪ್ಪಿ ಪಟ್ಟಣದ ಸಭೆಗೆ ಬರೆದಾಗ, ಬೈಗುಳಾಗಿದ್ದ ಪದವೊಂದು ಬಿರುದಾಗತೊಡಗಿತು.

ಬಿರುದಾದೊಡನೆ ತೊಂದರೆಯೂ ಆರಂಭವಾಯಿತು. ಲೂಕನ ಸುವಾರ್ತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಇಬ್ಬರ ಪ್ರಾರ್ಥನೆಯ ಸಾಮತಿಯಿದೆ. ಫರಿಸಾಯನೊಬ್ಬ ದೇವಾಲಯದಲ್ಲಿ ನಿಂತು, ತಾನು ಇತರರಂತಲ್ಲ, ವಾರಕ್ಕೆ ಎರಡು ಉಪವಾಸ ಮಾಡುತ್ತೇನೆ, ಗಳಿಕೆಯಲ್ಲಿ ಹತ್ತನೆಯ ಒಂದು ಪಾಲನ್ನು ಕೊಡುತ್ತೇನೆ ಎಂದು ದೇವರಿಗೆ ಲೆಕ್ಕ ಒಪ್ಪಿಸುತ್ತಾನೆ. ದೂರದಲ್ಲಿ ನಿಂತ ಸುಂಕದವನು ತಲೆಯೆತ್ತದೆ, ಪಾಪಿಯಾದ ತನ್ನನ್ನು ಕರುಣಿಸೆಂದು ಎದೆ ಬಡಿದುಕೊಳ್ಳುತ್ತಾನೆ. ದೇವರಿಗೆ ಒಪ್ಪಿಗೆಯಾದವನಾಗಿ ಮನೆಗೆ ಮರಳಿದವನು ಎರಡನೆಯವನು. ಇಲ್ಲಿ ಗಮನಿಸಬೇಕಾದುದೇನೆಂದರೆ ಫರಿಸಾಯನು ಒಂದು ಸುಳ್ಳನ್ನೂ ಹೇಳಲಿಲ್ಲ. ಉಪವಾಸ ನಿಜ, ದಾನ ನಿಜ. ಸುಂಕದವನ ಕಸುಬೂ ಆ ಕಾಲದಲ್ಲಿ ಹೆಸರು ಕೆಡಿಸಿಕೊಂಡುದೇ. ಲೆಕ್ಕದ ಪ್ರತಿಯೊಂದು ಅಂಕಿಯೂ ಸರಿಯಾಗಿದ್ದು ಒಟ್ಟು ಮಾತ್ರ ತಪ್ಪಾದ ಪುಸ್ತಕ ಅದು. ಇನ್ನು ಈ ಕಥೆಯನ್ನು ಓದಿ, ಸದ್ಯ ನಾನು ಆ ಫರಿಸಾಯನಂತಲ್ಲ ಎಂದು ಸಮಾಧಾನಪಟ್ಟವನು ಆ ಕ್ಷಣದಲ್ಲಿಯೇ ಅವನ ಪಕ್ಕದಲ್ಲಿ ಹೋಗಿ ನಿಂತಂತಾಯಿತು. ವ್ಯಕ್ತಿಗಳಿಗೇ ಅಲ್ಲ, ಇಡಿಯ ಕ್ರೈಸ್ತ ಸಮಾಜಕ್ಕೂ ಹೀಗಾಯಿತು. ಫರಿಸಾಯರು ಯೆಹೂದ್ಯ ಜನತೆ ಗೌರವಿಸುತ್ತಿದ್ದ ಶಾಸ್ತ್ರಜ್ಞರ ಪಂಗಡ; ಅವರ ಹೆಸರನ್ನು ಡಾಂಭಿಕತೆಗೆ ಪರ್ಯಾಯವಾಗಿಸಿ, ಯೆಹೂದ್ಯರನ್ನು ಶತಮಾನಗಳ ಕಾಲ ಕೀಳಾಗಿ ಕಂಡ ಯೂರೋಪಿನ ಕ್ರೈಸ್ತರು ಆ ಸಾಮತಿಯ ತಿರುಳನ್ನೇ ಮರೆತಿದ್ದರು.

ಅಹಂಕಾರದ ಶಾಸ್ತ್ರವನ್ನು ಆಳವಾಗಿ ಶೋಧಿಸಿದವರಲ್ಲಿ ಅಗಸ್ಟೀನ್ ಎಂಬ ಸಂತನ (354–430) ಹೆಸರು ಮೊದಲು ಬರತಕ್ಕುದು. ಉತ್ತರ ಆಫ್ರಿಕದಲ್ಲಿ ಹುಟ್ಟಿ, ಇಟಲಿಗೆ ಹೋಗಿ, ಮಿಲಾನ್ ನಗರದಲ್ಲಿ ವಾಕ್ಚಾತುರ್ಯದ ಅಧ್ಯಾಪಕನಾದವನು. ಇವನೂ ಒಂದು ಬಗೆಯ ವಲಸಿಗನೇ. ತಾರುಣ್ಯದಲ್ಲಿ ಬೈಬಲನ್ನು ತೆರೆದು, ಅದರ ಸರಳ ಶೈಲಿ ಸಿಸಿರೋವಿನ ಪ್ರೌಢಿಮೆಗೆ ಸಾಟಿಯಲ್ಲವೆಂದು ಮುಚ್ಚಿಟ್ಟನಂತೆ. ಅದು ತನ್ನ ಗರ್ವವೆಂದು ಮುಂದೆ ಅವನೇ ಒಪ್ಪಿಕೊಂಡಿದ್ದಾನೆ. ಮಿಲಾನಿನಲ್ಲಿದ್ದಾಗ ಚಕ್ರವರ್ತಿಯ ಎದುರು ಸ್ತುತಿಭಾಷಣವನ್ನು ಮಾಡುವ ಭಾಗ್ಯ ಅವನಿಗೆ ಒದಗಿತು. ಹೇಳಬೇಕಾದುದರಲ್ಲಿ ಬಹುಪಾಲು ಸುಳ್ಳು. ಸುಳ್ಳೆಂದು ಕೇಳುವವರೂ ಬಲ್ಲರು. ಅದರ ಚಿಂತೆಯಲ್ಲಿ ಬೆಂದು ಬೀದಿಯಲ್ಲಿ ಹೋಗುತ್ತಿರುವಾಗ, ಬೇಡಿದ ಕಾಸಿನಲ್ಲಿ ಕುಡಿದು ನಗುನಗುತ್ತಿರುವ ಭಿಕ್ಷುಕನೊಬ್ಬನನ್ನು ಕಂಡ. ಇವನಿಗೆ ನಾಲ್ಕು ಕಾಸಿನಲ್ಲಿ ದೊರೆತ ಸಂತೋಷ ತನಗೆ ಇಷ್ಟು ಒದ್ದಾಟದಿಂದಲೂ ದೊರೆಯಲಿಲ್ಲವಲ್ಲ ಎಂದು ಜತೆಗಿದ್ದ ಗೆಳೆಯರಿಗೆ ಹೇಳಿದ. ಮೇಲಧಿಕಾರಿಯ ಬೀಳ್ಕೊಡುಗೆಗೆ ಮಾನಪತ್ರವನ್ನು ಬರೆದುಕೊಟ್ಟ ಗುಮಾಸ್ತರಿಗೆ ಈ ಸಂಕಟದ ರುಚಿ ತಿಳಿಯದಿರದು. ಮುಂದೆ ಬಿಷಪನಾದ ಮೇಲೆ, ವಿದ್ಯೆಯ ಬೆನ್ನುಹತ್ತಿದ್ದ ಡಯಾಸ್ಕೊರಸ್ ಎಂಬ ತರುಣನಿಗೆ ಬರೆದ ಪತ್ರದಲ್ಲಿ, ಸತ್ಯದ ದಾರಿಯಲ್ಲಿ ಮೊದಲು ಬೇಕಾದುದು ಯಾವುದು, ಎರಡನೆಯದು ಯಾವುದು, ಮೂರನೆಯದು ಯಾವುದು ಎಂದು ಎಷ್ಟು ಸಲ ಕೇಳಿದರೂ ನಮ್ರತೆಯೆಂದೇ ಉತ್ತರಿಸುವೆನೆಂದು ತಿಳಿಸಿದನು.

ಅದೇ ಕಾಲದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ತಪಸ್ಸಿಗೆ ಕುಳಿತಿದ್ದ ವಿರಕ್ತರು ಇನ್ನೊಂದು ಸೂಕ್ಷ್ಮವನ್ನು ಕಂಡುಕೊಂಡಿದ್ದರು. ಹೊಟ್ಟೆಬಾಕತನ, ಕಾಮ, ಲೋಭ ಮೊದಲಾದವು ಸೋತವನನ್ನು ಹಿಡಿಯುತ್ತವೆ; ಅಹಂಕಾರ ಗೆದ್ದವನನ್ನು ಹಿಡಿಯುತ್ತದೆ. ಉಪವಾಸದಲ್ಲಿ ಹಸಿವನ್ನು ಜಯಿಸಿದವನಿಗೆ, ಜಯಿಸಿದೆನೆಂಬ ಭಾವವೇ ಉರುಳಾಗಿ ಕೊರಳಿಗೆ ಬೀಳುತ್ತದೆ. ಆದುದರಿಂದ ಎವಾಗ್ರಿಯಸ್ ಎಂಬ ತಪಸ್ವಿ ಎಂಟು ದುರಾಲೋಚನೆಗಳ ಪಟ್ಟಿಯನ್ನು ಮಾಡಿದಾಗ ಅಹಂಕಾರವನ್ನು ಕಟ್ಟಕಡೆಗೆ ಇರಿಸಿದನು. ಎಲ್ಲರೂ ಸೋತು ಓಡಿದ ಮೇಲೆ ರಣರಂಗಕ್ಕೆ ಇಳಿಯುವ ಸೇನಾಪತಿ ಅದು.

ಈ ತಪಸ್ವಿಗಳ ಅನುಭವವನ್ನು ದಿನಚರಿಯ ನಿಯಮವನ್ನಾಗಿ ಇಳಿಸಿದವನು ಇಟಲಿಯ ಬೆನೆಡಿಕ್ಟ್. ಆರನೆಯ ಶತಮಾನದಲ್ಲಿ ಮೊಂತೆ ಕಸೀನೊ ಬೆಟ್ಟದ ಮಠದಲ್ಲಿ ಅವನು ಬರೆದ ನಿಯಮಾವಳಿಗೆ 73 ಅಧ್ಯಾಯಗಳು. ಏಳನೆಯದರಲ್ಲಿ ನಮ್ರತೆಯ ಹನ್ನೆರಡು ಮೆಟ್ಟಿಲುಗಳನ್ನು ವರ್ಣಿಸಿದ್ದಾನೆ. ಅದು ವಿದ್ವಾಂಸರ ಚರ್ಚೆಗೆ ಪ್ರಸಿದ್ಧವಾದ ಭಾಗ. ನಮಗಾದರೋ ಮೂವತ್ತೈದನೆಯ ಅಧ್ಯಾಯವೇ ಹೆಚ್ಚು ರುಚಿಸಿತು. ಅಲ್ಲಿಯ ಕಟ್ಟಳೆಯಂತೆ ಮಠದಲ್ಲಿ ಅಡುಗೆಯವರೆಂಬ ಬೇರೆ ವರ್ಗವಿಲ್ಲ. ಕಾಯಿಲೆಯವರು, ಮುಖ್ಯ ಹೊಣೆಯುಳ್ಳವರು ಇವರನ್ನು ಬಿಟ್ಟು ಪ್ರತಿಯೊಬ್ಬನೂ ಸರದಿಯಂತೆ ಒಂದೊಂದು ವಾರ ಅಡುಗೆಮನೆಯಲ್ಲಿ ದುಡಿಯತಕ್ಕುದು. ಶನಿವಾರ ಸರದಿ ಮುಗಿಸುವವನು ಎಲ್ಲವನ್ನೂ ಶುಚಿಗೊಳಿಸಿ, ಕೈಕಾಲು ಒರಸುವ ಬಟ್ಟೆಗಳನ್ನು ಒಗೆದು, ಪಾತ್ರೆಗಳನ್ನು ಒಡಕು ಮುಕ್ಕಿಲ್ಲದೆ ಲೆಕ್ಕಮಾಡಿ ಉಗ್ರಾಣಿಗೆ ಒಪ್ಪಿಸಬೇಕು. ಆಮೇಲೆ, ಸರದಿ ಬಿಡುವವನೂ ಹಿಡಿಯುವವನೂ ಸೇರಿ ಎಲ್ಲರ ಪಾದಗಳನ್ನು ತೊಳೆಯಬೇಕು. ಬೆನೆಡಿಕ್ಟನು ಬರಿಯ ಉಪದೇಶಕನಾಗಿರಲಿಲ್ಲವೆಂಬುದಕ್ಕೆ ಇನ್ನೊಂದು ವಿವರ ಸಾಕ್ಷಿ: ಬಡಿಸುವವರು ಹಸಿದ ಹೊಟ್ಟೆಯಲ್ಲಿ ಗೊಣಗದೆ ಬಡಿಸಲೆಂದು, ಊಟದ ಹೊತ್ತಿಗೆ ಮೊದಲೇ ಅವರಿಗೆ ಒಂದಿಷ್ಟು ರೊಟ್ಟಿಯನ್ನೂ ಪಾನೀಯವನ್ನೂ ಹೆಚ್ಚಾಗಿ ಕೊಡಬೇಕೆಂದು ಆತ ವಿಧಿಸಿದ. ಗಿರಾಕಿಗಳ ನೂಕುನುಗ್ಗಲು ಇಳಿದ ಮೇಲೆ ಆರಿದ ಅನ್ನವನ್ನು ಉಂಡು ಬಲ್ಲವರು ಈ ಒಂದು ಸಾಲಿನ ಬೆಲೆಯನ್ನು ಕಟ್ಟಬಲ್ಲರು.

ಉಗ್ರಾಣಿಯನ್ನು ಕುರಿತ ಅಧ್ಯಾಯದಲ್ಲಿ, ಮಠದ ಪಾತ್ರೆಪರಡಿಗಳನ್ನು ಪೂಜೆಯ ಪಾತ್ರೆಗಳಂತೆಯೇ ಕಾಣಬೇಕೆಂದಿದೆ. ಕುಶಲಕರ್ಮಿಗಳ ಅಧ್ಯಾಯವೋ, ನಮ್ಮ ಭಟ್ಟರನ್ನು ಕಂಡೇ ಬರೆದಂತಿದೆ. ತನ್ನ ಕೈಚಳಕದಿಂದಲೇ ಮಠಕ್ಕೆ ಲಾಭವೆಂದು ಯಾವನಾದರೂ ಉಬ್ಬಿದರೆ, ಅವನನ್ನು ಆ ಕಸುಬಿನಿಂದಲೇ ತೆಗೆದುಹಾಕಬೇಕು. ತಗ್ಗಿದ ಮೇಲೆ ಮಠಾಧಿಪತಿಯ ಅಪ್ಪಣೆಯಾದರೆ ಮಾತ್ರ ಮತ್ತೆ ಕೈಹಚ್ಚಬೇಕು. ಪಂಕ್ತಿಯಲ್ಲಿ ಹಿರಿತನ ಕಿರಿತನಗಳಿಗೆ ವಯಸ್ಸಾಗಲಿ ಕುಲವಾಗಲಿ ಅಳತೆಯಲ್ಲ, ಮಠವನ್ನು ಸೇರಿದ ದಿನವೇ ಅಳತೆ. ಬೆಳಗ್ಗೆ ಸೇರಿದ ರೈತನ ಮಗನಿಗೆ, ಅದೇ ದಿನ ಮಧ್ಯಾಹ್ನ ಸೇರಿದ ಸರದಾರನ ಮಗ ಕಿರಿಯ. ಆ ಕಾಲದ ಯೂರೋಪಿನಲ್ಲಿ ಇದು ಸಣ್ಣ ಕ್ರಾಂತಿಯಲ್ಲ.

ಆದರೆ ಧರ್ಮಪೀಠಗಳೇ ಈ ಪಾಠವನ್ನು ಕಲಿತವೆ? ಕಲಿತುದೂ ಉಂಟು, ಮರೆತುದೂ ಉಂಟು. 590ರಲ್ಲಿ ಪೋಪ್ ಪದವಿಗೆ ಬಂದ ಮೊದಲನೆಯ ಗ್ರೆಗರಿ, ಪಾಪಗಳ ಪಟ್ಟಿಯನ್ನು ಏಳಕ್ಕೆ ಇಳಿಸಿ, ಅಹಂಕಾರವನ್ನು ಅವುಗಳ ಸಾಲಿನಲ್ಲಿ ಸೇರಿಸದೆ, ಅವೆಲ್ಲಕ್ಕೂ ರಾಣಿಯೆಂದು ಬೇರೆಯಾಗಿ ಕೂರಿಸಿದವನು. ಕಾನ್‌ಸ್ಟಾಂಟಿನೋಪಲಿನ ಧರ್ಮಾಧಿಕಾರಿ ವಿಶ್ವವ್ಯಾಪಿಯೆಂಬ ಬಿರುದನ್ನು ಧರಿಸಿದಾಗ ಗ್ರೆಗರಿ ಅದನ್ನು ಗರ್ವದ ಹೆಸರೆಂದು ತೀವ್ರವಾಗಿ ಆಕ್ಷೇಪಿಸಿ, ತಾನು ದೇವರ ಸೇವಕರ ಸೇವಕನೆಂದು ಸಹಿ ಹಾಕಿದನು. ಆ ಸಹಿ ಇಂದಿಗೂ ಪೋಪರ ಬಿರುದುಗಳಲ್ಲಿ ಒಂದಾಗಿ ಉಳಿದಿದೆ. ಅದೇ ಪೀಠದಿಂದ 1302ರಲ್ಲಿ ಎಂಟನೆಯ ಬೊನಿಫೇಸನು, ರೋಮಿನ ಗುರುಪೀಠಕ್ಕೆ ಅಧೀನನಾಗದ ಯಾವ ಮನುಷ್ಯನಿಗೂ ಮುಕ್ತಿಯಿಲ್ಲವೆಂದು ಸಾರಿದನು. ಮರುವರ್ಷವೇ ಫ್ರಾನ್ಸಿನ ರಾಜನ ಕಡೆಯವರು ಅವನನ್ನು ಅವನ ಸ್ವಂತ ಊರಿನಲ್ಲಿಯೇ ಸೆರೆಹಿಡಿದು ಅವಮಾನಿಸಿದರು. ಒಂದು ತಿಂಗಳಲ್ಲಿ ತೀರಿಕೊಂಡನು. ಸೇವಕರ ಸೇವಕನ ತಲೆಯ ಮೇಲೆ ಮೂರಂತಸ್ತಿನ ರತ್ನಕಿರೀಟವೇರಿ ಶತಮಾನಗಳು ಕಳೆದವು.

ಆ ಕಿರೀಟ ಕೆಳಗಿಳಿದ ಕಥೆಗೆ ಮುಂಬಯಿಯ ನಂಟೂ ಇದೆ. 1964ರ ನವೆಂಬರ್ 13ರಂದು, ವ್ಯಾಟಿಕನ್ ಮಹಾಸಭೆ ನಡೆಯುತ್ತಿದ್ದ ಕಾಲದಲ್ಲಿ, ಆರನೆಯ ಪೌಲ್ ಪೋಪರು ತಮಗೆ ಮಿಲಾನಿನ ಜನರು ಕಾಣಿಕೆಯಿತ್ತ ಕಿರೀಟವನ್ನು ಸಂತ ಪೇತ್ರನ ದೇವಾಲಯದ ಬಲಿಪೀಠದ ಮೇಲೆ ಇರಿಸಿ, ಬಡವರಿಗೆಂದು ಅರ್ಪಿಸಿದರು. ಇಂದು ಅದು ಅಮೆರಿಕದ ವಾಷಿಂಗ್ಟನ್ನಿನ ಇಗರ್ಜಿಯೊಂದರಲ್ಲಿದೆ. ಇದು ನಡೆದು ಮೂರು ವಾರಗಳೂ ತುಂಬುವ ಮೊದಲೇ, ಡಿಸೆಂಬರ್ 2ರಂದು, ಅವರು ಮುಂಬಯಿಗೆ ಬಂದಿಳಿದರು. ಪೋಪರೊಬ್ಬರು ಭಾರತದ ನೆಲವನ್ನು ಮೆಟ್ಟಿದುದು ಅದೇ ಮೊದಲು. ಓವಲ್ ಮೈದಾನದಲ್ಲಿ ಅಂತರರಾಷ್ಟ್ರೀಯ ಪ್ರಸಾದ ಸಮ್ಮೇಳನ ನಡೆದಿತ್ತು. ಹೊರಡುವಾಗ, ತಮ್ಮ ಓಡಾಟಕ್ಕೆಂದು ಬಂದಿದ್ದ ಬಿಳಿಯ ಲಿಂಕನ್ ಕಾರನ್ನು ಮದರ್ ತೆರೇಸಾ ಅವರಿಗೆ ಕೊಟ್ಟುಬಿಟ್ಟರು. ಆಕೆ ಅದರಲ್ಲಿ ಕುಳಿತು ತಿರುಗಲಿಲ್ಲ. ಲಾಟರಿಗೆ ಇಟ್ಟು, ಬಂದ ಹಣವನ್ನು ಕುಷ್ಠರೋಗಿಗಳ ಆಶ್ರಯಕ್ಕೆ ವಿನಿಯೋಗಿಸಿದರು. ಮುಂದೆ 2013ರ ಮಾರ್ಚಿಯಲ್ಲಿ, ಅದೇ ತಿಂಗಳು ಪೀಠವನ್ನೇರಿದ ಫ್ರಾನ್ಸಿಸ್ ಪೋಪರು ಗುರುವಾರದ ಪಾದಸ್ನಾನವನ್ನು ದೊಡ್ಡ ದೇವಾಲಯದಲ್ಲಿ ನಡೆಸದೆ ರೋಮಿನ ಬಾಲಾಪರಾಧಿಗಳ ಸೆರೆಮನೆಗೆ ಹೋದರು. ಕಾಲು ತೊಳೆಸಿಕೊಂಡ ಹನ್ನೆರಡು ಮಂದಿಯಲ್ಲಿ ಇಬ್ಬರು ಹುಡುಗಿಯರು, ಮುಸಲ್ಮಾನರೂ ಇದ್ದರು. ಗಂಡಸರ ಪಾದಗಳನ್ನು ಮಾತ್ರ ತೊಳೆಯಬೇಕೆಂಬ ನಿಯಮ ಆಗಿನ್ನೂ ಪುಸ್ತಕದಲ್ಲಿತ್ತು. 2016ರಲ್ಲಿ ಅದನ್ನು ತಿದ್ದಲಾಯಿತು. ಆ ಪೋಪರು 2025ರಲ್ಲಿ ತೀರಿಕೊಂಡರು.

ಇಷ್ಟನ್ನು ಓದಿದ ಮೇಲೆ ನಮ್ಮ ಓದುಗರಲ್ಲಿ ಕೆಲವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಕುದಿಯುತ್ತಿರಬೇಕು. ಕಿರೀಟವುಳ್ಳವರು ಅದನ್ನು ಇಳಿಸಲಿ, ಸಂತೋಷ. ಇಳಿಸಲು ಏನೂ ಇಲ್ಲದವನಿಗೆ ನಮ್ರತೆಯನ್ನು ಉಪದೇಶಿಸುವುದೇಕೆ? ಬೆಳಗಿನ ನಾಲ್ಕಕ್ಕೆ ಏಳುವವನಿಗೆ, ಹೆಸರಿಟ್ಟು ಕರೆಯಲ್ಪಡದೆ ಬರಿಯ ಸೀಟಿಗೂ ಚಪ್ಪಾಳೆಗೂ ಓಗೊಡುವವನಿಗೆ, ತಗ್ಗಿ ನಡೆ ಎನ್ನುವುದು ಯಾರ ಅನುಕೂಲಕ್ಕೆ?

ಪ್ರಶ್ನೆ ನ್ಯಾಯವಾದುದು. ಚರಿತ್ರೆಯೂ ಅದಕ್ಕೆ ಬೆಂಬಲವಾಗಿದೆ. ಅಮೆರಿಕದ ತೋಟದೊಡೆಯರು, ದಾಸರು ಒಡೆಯರಿಗೆ ವಿಧೇಯರಾಗಿರಬೇಕೆಂಬ ಪೌಲನ ಪತ್ರಗಳ ಮಾತುಗಳನ್ನು ಗುಲಾಮರಿಗೆ ಪದೇ ಪದೇ ಓದಿಸಿ ಕೇಳಿಸುತ್ತಿದ್ದರು. ಒಡೆಯರಿಗೂ ಪರಲೋಕದಲ್ಲಿ ಒಬ್ಬ ಒಡೆಯನಿದ್ದಾನೆಂಬ ಅದರ ಮುಂದಿನ ಮಾತನ್ನು ಅವರು ಅಷ್ಟು ಗಟ್ಟಿಯಾಗಿ ಓದಿಸಲಿಲ್ಲ. ಗುಲಾಮನಾಗಿ ಹುಟ್ಟಿ, ಓಡಿಹೋಗಿ ಸ್ವತಂತ್ರನಾದ ಫ್ರೆಡರಿಕ್ ಡಗ್ಲಸ್ 1845ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ, ತನ್ನ ಒಡೆಯ 1832ರ ಧಾರ್ಮಿಕ ಶಿಬಿರವೊಂದರಲ್ಲಿ ಭಕ್ತನಾದ ಮೇಲೆ ಮೊದಲಿಗಿಂತಲೂ ಕ್ರೂರನಾದುದನ್ನು ವಿವರಿಸಿದ್ದಾನೆ. ಕ್ರಿಸ್ತನ ಧರ್ಮ ಬೇರೆ, ಚಾವಟಿಯವರ ಧರ್ಮ ಬೇರೆ ಎಂದು ಗೆರೆ ಎಳೆದಿದ್ದಾನೆ. ನಮ್ಮ ದಕ್ಷಿಣ ಭಾರತದಲ್ಲಿಯೂ ಪಾದ ತೊಳೆಯುವ ವಿಧಿಯನ್ನು ವರ್ಷವರ್ಷವೂ ಆಚರಿಸಿದ ಇಗರ್ಜಿಗಳಲ್ಲಿ ಜಾತಿಗೊಂದು ಆಸನದ ಸಾಲು, ಜಾತಿಗೊಂದು ಸಮಾಧಿಭೂಮಿ ಇದ್ದುದುಂಟು. ಇಳಿದವನನ್ನು ಇನ್ನಷ್ಟು ಇಳಿಸುವ ಉಪದೇಶಕ್ಕೆ ನಮ್ರತೆಯೆಂಬ ಹೆಸರು ಸಲ್ಲದು.

ಹಾಗಾದರೆ ಸೇವಕನ ನಮ್ರತೆ ಎಂಥದು? ಇದಕ್ಕೆ ನಮಗೆ ತಿಳಿದ ಒಳ್ಳೆಯ ಉತ್ತರ ಗ್ರಂಥದಲ್ಲಿಲ್ಲ, ಒಬ್ಬ ಅಡುಗೆಯವನ ಬಾಳಿನಲ್ಲಿದೆ.

ಫ್ರಾನ್ಸಿನ ಪೂರ್ವಕ್ಕಿರುವ ಲೊರೇನ್ ಸೀಮೆಯ ಹಳ್ಳಿಯೊಂದರಲ್ಲಿ ಸುಮಾರು 1614ರಲ್ಲಿ ನಿಕೊಲಾ ಹೆರ್ಮಾನ್ ಎಂಬವನು ಹುಟ್ಟಿದ. ಬಡತನ, ಓದು ಹೆಚ್ಚಿಲ್ಲ. ಯೂರೋಪನ್ನು ಮೂವತ್ತು ವರ್ಷ ಸುಟ್ಟ ಯುದ್ಧದಲ್ಲಿ ಸಿಪಾಯಿಯಾದ. ಜರ್ಮನ್ ಪಡೆಯವರು ಅವನನ್ನು ಗೂಢಚಾರನೆಂದು ಹಿಡಿದು ಗಲ್ಲಿಗೇರಿಸುವುದಾಗಿ ಬೆದರಿಸಿದಾಗ, ತಾನು ಗೂಢಚಾರನಲ್ಲ, ಸಾಯಲು ಅಂಜುವವನೂ ಅಲ್ಲ ಎಂಬಂತೆ ನಿಂತ ಅವನ ಧೈರ್ಯವನ್ನು ಕಂಡು ಬಿಟ್ಟುಬಿಟ್ಟರಂತೆ. ಮುಂದೆ ಸ್ವೀಡನ್ನಿನ ಪಡೆಗಳೊಡನೆ ನಡೆದ ಕಾಳಗದಲ್ಲಿ ಗಾಯಗೊಂಡ. ಕಾಲಿನ ಕುಂಟು ಜೀವಮಾನವೆಲ್ಲ ಉಳಿಯಿತು. ಆಮೇಲೆ ಶ್ರೀಮಂತ ಅಧಿಕಾರಿಯೊಬ್ಬನ ಮನೆಯಲ್ಲಿ ಊಳಿಗಕ್ಕೆ ನಿಂತ. ತಾನು ಮುಟ್ಟಿದುದನ್ನೆಲ್ಲ ಒಡೆಯುವ ದೊಡ್ಡ ಒಡ್ಡನಾಗಿದ್ದೆನೆಂದು ಆ ಕಾಲವನ್ನು ನೆನೆದು ಅವನೇ ಹೇಳಿಕೊಂಡಿದ್ದಾನೆ.

1640ರಲ್ಲಿ ಪ್ಯಾರಿಸ್ಸಿನ ವೊಜಿರಾರ್ ಬೀದಿಯ ಕಾರ್ಮೆಲ್ ಪಂಥದ ಮಠವನ್ನು ಸೇರಿ, ಪುನರುತ್ಥಾನದ ಲೊರಾಂ ಎಂಬ ಹೆಸರನ್ನು ಪಡೆದ. ಇಂಗ್ಲಿಷು ಬಲ್ಲವರು ಬ್ರದರ್ ಲಾರೆನ್ಸ್ ಎಂದು ಕೇಳಿರಬಹುದು. ತನ್ನ ಒಡ್ಡತನಕ್ಕೆ ಅಲ್ಲಿ ತಕ್ಕ ಶಿಕ್ಷೆ ದೊರೆತು ಪಾಪ ಕಳೆಯುವುದೆಂದು ನಿರೀಕ್ಷಿಸಿದ್ದನಂತೆ. ದೊರೆತುದು ಬರಿಯ ನೆಮ್ಮದಿಯಾದುದರಿಂದ ದೇವರು ತನಗೆ ಮೋಸಮಾಡಿದನೆಂದು ನಗೆಯಾಡುತ್ತಿದ್ದ. ಇಲ್ಲೊಂದು ಮಾತನ್ನು ಮುಚ್ಚಿಡಬಾರದು. ನಮ್ರತೆಯ ಆಗರವಾದ ಮಠಗಳಲ್ಲಿಯೂ ಆಗ ಎರಡು ಪಂಕ್ತಿಗಳಿದ್ದವು: ಲ್ಯಾಟಿನ್ ಕಲಿತು ಪೂಜೆ ಪಠಣಗಳನ್ನು ನಡೆಸುವ ಗುರುಗಳದು ಒಂದು, ಅಡುಗೆ ಕಸಮುಸುರೆಗಳ ಸಾಮಾನ್ಯ ಸಹೋದರರದು ಇನ್ನೊಂದು. ಬೆನೆಡಿಕ್ಟನ ಸರದಿಯ ಪದ್ಧತಿ ಎಲ್ಲಿಯೋ ಮಾಯವಾಗಿತ್ತು. ಈ ಅಂತರವನ್ನು ತಗ್ಗಿಸಬೇಕೆಂದು ವ್ಯಾಟಿಕನ್ ಮಹಾಸಭೆ ತೀರ್ಮಾನಿಸಿದುದು 1965ರಲ್ಲಿ. ಕುಂಟ ಸಿಪಾಯಿ ಎರಡನೆಯ ಪಂಕ್ತಿಗೆ ಸೇರಿದವನು. ಅವನನ್ನು ಅಡುಗೆಮನೆಗೆ ಹಾಕಿದರು.

ಅಡುಗೆಯೆಂದರೆ ಅವನಿಗೆ ಸ್ವಭಾವತಃ ಬೇಸರ. ಇದನ್ನೂ ಅವನು ಮರೆಮಾಚಲಿಲ್ಲ. ಹದಿನೈದು ವರ್ಷಗಳ ಕಾಲ ಅದನ್ನೇ ಮಾಡಿದ. ಆ ಪಂಥದವರು ಕಾಯಿಲೆಯ ಸಮಯದ ಹೊರತು ಮಾಂಸ ತಿನ್ನರು. ಆದುದರಿಂದ ಮೊಟ್ಟೆಯ ಬಳಕೆ ಹೆಚ್ಚು. ಕಾವಲಿಯ ಮೇಲಿನ ಮೊಟ್ಟೆಯ ದೋಸೆಯನ್ನು ಮಗುಚುವಾಗ ದೇವರ ಪ್ರೀತಿಗೆಂದು ಮಗುಚುತ್ತೇನೆ, ಮಗುಚಿ ಮುಗಿದು ಬೇರೆ ಕೆಲಸವಿಲ್ಲದಿದ್ದರೆ ನೆಲಕ್ಕೆ ಬಾಗಿ ನಮಸ್ಕರಿಸುತ್ತೇನೆ ಎನ್ನುತ್ತಿದ್ದ. ಮೊಟ್ಟೆ ಬೇಡದ ನಮ್ಮ ಉಡುಪಿ ಹೋಟೆಲಿನವರು ಇಲ್ಲಿ ಬರಿಯ ದೋಸೆಯೆಂದು ಓದಿಕೊಂಡರೂ ಅರ್ಥಕ್ಕೆ ಹಾನಿಯಿಲ್ಲ. ಪಾತ್ರೆಗಳ ಸದ್ದಿನ ನಡುವೆ, ಒಂದೇ ಹೊತ್ತಿಗೆ ನಾಲ್ಕಾರು ಮಂದಿ ನಾಲ್ಕಾರು ಬಗೆಯನ್ನು ಕೂಗಿ ಕೇಳುತ್ತಿರುವಾಗಲೂ, ಬಲಿಪೀಠದ ಮುಂದೆ ಮಂಡಿಯೂರಿದಷ್ಟೇ ತನ್ನ ಮನಸ್ಸು ಶಾಂತವಾಗಿರುವುದೆಂದು ಅವನ ಅನುಭವ. ಮೊದಲ ಹತ್ತು ವರ್ಷ ಹಾಗಿರಲಿಲ್ಲ, ಬಹಳ ನೊಂದೆ ಎಂಬುದನ್ನೂ ಅವನೇ ಪತ್ರವೊಂದರಲ್ಲಿ ಬರೆದಿದ್ದಾನೆ.

ಒಮ್ಮೆ ಮಠಕ್ಕೆ ದ್ರಾಕ್ಷಾರಸವನ್ನು ಕೊಳ್ಳಲು ಅವನನ್ನು ಬರ್ಗಂಡಿ ಸೀಮೆಗೆ ಕಳುಹಿಸಿದರು. ವ್ಯಾಪಾರದ ತಲೆಯಿಲ್ಲ; ದೋಣಿಯ ಮೇಲೆ ಕುಂಟುಕಾಲಿನಿಂದ ನಡೆಯಲಾರದೆ ಪೀಪಾಯಿಗಳ ಮೇಲೆ ಹೊರಳಿಕೊಂಡು ಸಾಗಬೇಕಾಗಿತ್ತು. ಇದು ನಿನ್ನ ಕೆಲಸವೆಂದು ದೇವರಿಗೆ ಹೇಳಿ ಮುಂದುವರಿದನಂತೆ. ಕೆಲಸ ಚೆನ್ನಾಗಿಯೇ ಆಯಿತು, ಹೇಗೆಂದು ತಿಳಿಯದು ಎಂದ. ಹೊರಳಾಡಿದ ಸಂಗತಿಯನ್ನು ದೊಡ್ಡವರ ಮುಂದೆ ಹೇಳಿಕೊಳ್ಳಲು ಅವನಿಗೆ ಸಂಕೋಚವೇ ಇರಲಿಲ್ಲ. ಒಪ್ಪಿದ ಕೆಲಸದಲ್ಲಿ ತಪ್ಪಿದಾಗಲೂ ಅಷ್ಟೆ. ನನ್ನನ್ನು ನನ್ನ ಪಾಡಿಗೆ ಬಿಟ್ಟರೆ ಇನ್ನೇನಾದೀತು, ಎತ್ತುವವನೂ ತಿದ್ದುವವನೂ ನೀನೇ ಎಂದು ದೇವರ ಮುಂದೆ ಒಪ್ಪಿಕೊಂಡು, ಅದನ್ನು ಅಲ್ಲಿಗೇ ಬಿಟ್ಟು ಕೆಲಸಕ್ಕೆ ಮರಳುವನು. ತಪ್ಪನ್ನು ಮುಚ್ಚುವುದಿಲ್ಲ, ತಪ್ಪಿದೆನಲ್ಲಾ ಎಂದು ಮೂರು ದಿನ ಕೊರಗುವುದೂ ಇಲ್ಲ. ಈ ಕೊರಗಿನಲ್ಲಿಯೂ ಅಹಂಕಾರ ಅಡಗಿರುವುದೆಂದು ನಮಗೆ ತೋರಿದುದು ಈತನನ್ನು ಓದಿದ ಮೇಲೆಯೇ. ನನ್ನಂಥವನು ಹೀಗೆ ಮಾಡಬಹುದೇ ಎಂಬ ಹಲುಬಾಟದಲ್ಲಿ ನನ್ನಂಥವನು ಎಂಬ ಭಾಗಕ್ಕೇ ತೂಕ ಹೆಚ್ಚು. ಸೌಟು ಕೆಳಗಿಟ್ಟು ಹೋದ ಆ ಹಿರಿಯರ ವಿಷಯವನ್ನು ನೆನೆಯಿರಿ. ಅವರ ಸಾಂಬಾರು ಕೆಟ್ಟಿರಲಿಲ್ಲ. ಇನ್ನೊಬ್ಬನದೂ ಚೆನ್ನಾಗಿತ್ತು, ಅಷ್ಟೆ. ಲೊರಾಂ ಅಲ್ಲಿದ್ದಿದ್ದರೆ ಆ ಇನ್ನೊಬ್ಬನ ಸಾಂಬಾರನ್ನು ತಾನೂ ಒಂದು ಬಟ್ಟಲು ಹಾಕಿಸಿಕೊಂಡು ಕುಡಿಯುತ್ತಿದ್ದನೆಂದು ನಮ್ಮ ಊಹೆ.

ಗಲ್ಲಿನ ಮುಂದೆ ನಡುಗದವನು ಒಲೆಯ ಮುಂದೆ ಕುಗ್ಗಿದವನಲ್ಲ. ಅವನಲ್ಲಿ ದಾಸ್ಯದ ಲೇಶವಿರಲಿಲ್ಲ. ಅವನನ್ನು ಕಾಣಲು ವಿದ್ವಾಂಸರೂ ಗುರುಗಳೂ ಬರುತ್ತಿದ್ದರು. ಫ್ರಾನ್ಸಿನ ಹೆಸರಾಂತ ಲೇಖಕನೂ ಮುಂದೆ ಆರ್ಚ್‌ಬಿಷಪನೂ ಆದ ಫೆನೆಲೊನ್ ಅವನನ್ನು ಕಂಡಾಗ ಲೊರಾಂ ಕಾಯಿಲೆಯಿಂದ ಮಲಗಿದ್ದ. ಬಹಳ ಉಲ್ಲಾಸದಿಂದಿದ್ದನೆಂದು ಆತ ಬರೆದಿಟ್ಟಿದ್ದಾನೆ. ಪಾದ್ರಿ ಬೊಫೋರ್ 1666ರ ಆಗಸ್ಟಿನಿಂದ ಹಲವು ಸಲ ಬಂದು ಮಾತನಾಡಿಸಿ ಟಿಪ್ಪಣಿ ಮಾಡಿಕೊಂಡನು. ಕಾಲಿನ ಹುಣ್ಣು ಬಲವಾದ ಮೇಲೆ ಅವನನ್ನು ಅಡುಗೆಮನೆಯಿಂದ ಬಿಡಿಸಿ, ಕುಳಿತು ಮಾಡುವ ಕೆಲಸವೆಂದು, ಮಠದವರ ಜೋಡುಗಳನ್ನು ಹೊಲಿಯಲು ಹಾಕಿದರು. ಅಂದು ಗುರುವಿನ ಬಳಿಗೆ ಬರುವವರಂತೆ ಬರುತ್ತಿದ್ದವರು ಚಮ್ಮಾರನ ಮುಂದೆ ಕುಳಿತು ಕೇಳಿದರು. 1691ರ ಫೆಬ್ರವರಿ 12ರಂದು ತೀರಿಕೊಂಡ.

ಅವನು ಪುಸ್ತಕ ಬರೆಯಲಿಲ್ಲ. ಸತ್ತ ಮರುವರ್ಷದಿಂದ ಬೊಫೋರ್ ಅವನ ಪತ್ರಗಳನ್ನೂ ಮಾತುಗಳನ್ನೂ ಅಚ್ಚುಹಾಕಿಸಿದ. ಕೆಥೋಲಿಕ ಅಡುಗೆಯವನ ಆ ಕಿರುಹೊತ್ತಗೆಯನ್ನು ಹೆಚ್ಚಾಗಿ ಉಳಿಸಿ ಹರಡಿದವರು ಪ್ರೊಟೆಸ್ಟೆಂಟರು. ಮೆಥಡಿಸ್ಟ್ ಪಂಥದ ಜಾನ್ ವೆಸ್ಲಿ ತನ್ನ ಗ್ರಂಥಮಾಲೆಯಲ್ಲಿ ಅದರ ಭಾಗಗಳನ್ನು ಸೇರಿಸಿಕೊಂಡನು. ಇಂದಿಗೂ ಅದು ಅನೇಕ ಭಾಷೆಗಳಲ್ಲಿ ಮಾರಾಟವಾಗುತ್ತಿದೆ. ಆ ಪತ್ರಗಳಲ್ಲಿ ಒಂದನ್ನು, ತನ್ನ ಪ್ರಾರ್ಥನೆಯ ರೀತಿಯನ್ನು ತಿಳಿಸೆಂದು ಬಹಳವಾಗಿ ಒತ್ತಾಯಿಸಿದ ಒಬ್ಬರಿಗೆ ಅವನು ಒಲ್ಲದ ಮನಸ್ಸಿನಿಂದ ಬರೆದುದು. ಇದನ್ನು ಬೇರೆ ಯಾರಿಗೂ ತೋರಿಸಬಾರದು, ತೋರಿಸುವಿರೆಂದು ತಿಳಿದಿದ್ದರೆ ಬರೆಯುತ್ತಲೇ ಇರಲಿಲ್ಲ ಎಂದು ಅದರಲ್ಲಿ ಕರಾರು ಹಾಕಿದ್ದಾನೆ. ಮುನ್ನೂರು ವರ್ಷಗಳಿಂದ ಆ ಕರಾರನ್ನು ಯಾರೂ ಪಾಲಿಸಿಲ್ಲ, ನಾವೂ ಪಾಲಿಸಲಿಲ್ಲ.